ಫಕ್ಕೀರಪ್ಪನ ಎಡಗೈ

ಬೆಳಕಿನ ಗೂಡುಗಳು ಬಂದು ಕೆಲವು ವರ್ಷಗಳಾಗುವಷ್ಟರಲ್ಲಿ ಹುಬ್ಬಳ್ಳಿಯ ಮದುವೆ ಫೋಟೋಗಳಲ್ಲಿ ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದ್ದರು. ವಧು, ವರ, ಬೀಗರು, ಅಕ್ಷತೆ ಹಿಡಿದು ನಿಂತ ಚಿಕ್ಕಮ್ಮಂದಿರು, ಎಲ್ಲರ ಮುಖದ ಮೇಲೂ ಆಗತಾನೆ ಸುಲಿದ ಬಾಳೆಹಣ್ಣಿನಂಥ ತಿಳಿ ಹೊಳಪು. ಹುಡುಗಿ ಕಪ್ಪೋ ಬಿಳಿಯೋ ಎಂದು ಕೇಳುವ ಮಾತು ನಿಂತುಹೋಯಿತು. ಅದರ ಬದಲು ಗೂಡಿಗೆ ಹೋಗಿಬಂದಿದ್ದಾಳೋ ಇಲ್ಲವೋ ಎಂದು ಕೇಳುವುದು ಶುರುವಾಯಿತು.

ಗೂಡು ಎಂದರೆ ಬ್ಯೂಟಿ ಪಾರ್ಲರಿನ ಮೂಲೆಯಲ್ಲಿ ನಿಲ್ಲಿಸಿದ ಆಳೆತ್ತರದ ಬಿಳಿ ಪೆಟ್ಟಿಗೆ. ಒಳಗೊಂದು ಕುರ್ಚಿ, ಸುತ್ತಲೂ ಜೋಳದ ಕಾಳಿನಷ್ಟು ಸಣ್ಣ ದೀಪಗಳು. ಕಪ್ಪು ಕನ್ನಡಕ ಹಾಕಿಕೊಂಡು, ಹಾಡು ಕೇಳುತ್ತ ಒಂದಿಷ್ಟು ಹೊತ್ತು ಕೂತು ಎದ್ದು ಬರುವುದು, ಅಷ್ಟೇ. ಚರ್ಮದಲ್ಲಿ ಬಣ್ಣ ಮಾಡುವ ಕೋಶಗಳಿರುತ್ತವೆ. ಕಣ್ಣಿಗೆ ಬೆಳಕು ತಿಳಿಯುವಂತೆ ಅವಕ್ಕೂ ತಿಳಿಯುತ್ತದೆ. ನೀಲಿಯನ್ನೂ ಕೆಂಪನ್ನೂ ಒಂದು ಗೊತ್ತಾದ ಲಯದಲ್ಲಿ ಮಿನುಗಿಸಿದರೆ ಆ ಕೋಶಗಳು ಜೋಗುಳ ಕೇಳಿದ ಕೂಸಿನ ಹಾಗೆ ಮಲಗಿಬಿಡುತ್ತವೆ. ಬಣ್ಣ ತಿಳಿಯಾಗುತ್ತ ಹೋಗುತ್ತದೆ. ಕೆಲವು ತಿಂಗಳ ಮೇಲೆ ಕೋಶಗಳಿಗೆ ಎಚ್ಚರವಾಗುತ್ತದೆ, ಗಿರಾಕಿ ಮತ್ತೆ ಪಾರ್ಲರಿನ ಬಾಗಿಲು ತಟ್ಟುತ್ತಾರೆ. ಗೂಡುಗಳನ್ನು ಮಾಡುವ ಕಂಪನಿ ನಡೆಯುತ್ತಿದ್ದದ್ದು ಈ ನಿದ್ದೆ ಮತ್ತು ಎಚ್ಚರದ ನಡುವಿನ ಸಂದಿಯಲ್ಲಿ.

ಆ ಕಂಪನಿಯ ನಿಗಾ ಕೋಣೆ ಗೋಕುಲ ರಸ್ತೆಯಲ್ಲಿತ್ತು. ಬೆಳಗಾವಿಯಿಂದ ಬಳ್ಳಾರಿಯವರೆಗಿನ ಒಂದೊಂದು ಗೂಡೂ ಅಲ್ಲಿನ ಗೋಡೆಯ ಮೇಲೆ ಒಂದೊಂದು ಹಸಿರು ಚುಕ್ಕಿ. ಯಾವ ಗೂಡಿನ ದೀಪ ಬಿಸಿಯೇರಿತು, ಯಾವುದರ ಲಯ ತಪ್ಪಿತು, ಗಿರಾಕಿಯ ಚರ್ಮ ಕೂರುವ ಮೊದಲು ಹೇಗಿತ್ತು, ಎದ್ದ ಮೇಲೆ ಹೇಗಾಯಿತು ಎಂದು ನೋಡುತ್ತ ಕೂರುವುದು ನೀಲಾಂಬಿಕಾ ಹಡಪದಳ ಕೆಲಸ. ಬೆಳಕು ಮತ್ತು ಜೀವಕೋಶಗಳ ಬಗ್ಗೆ ಧಾರವಾಡದಲ್ಲಿ ಓದಿ ಬಂದವಳು ಅವಳು. ಇಷ್ಟು ವರ್ಷ ಆ ಕೆಲಸ ಮಾಡಿದರೂ ಅವಳು ಒಮ್ಮೆಯೂ ಗೂಡಿನಲ್ಲಿ ಕೂತಿರಲಿಲ್ಲ. ಅದೇನು ಹಟವಲ್ಲ. ಸಂಜೆ ಮನೆಗೆ ಹೋದರೆ ಎದುರಿಗೆ ಅಪ್ಪನ ಕೈಗಳಿರುತ್ತಿದ್ದವು. ಚರ್ಮ ಬೆಳ್ಳಗಾಗುವುದರಲ್ಲಿ ಅವಳಿಗೆ ಯಾವ ಚೆಲುವೂ ಕಾಣುತ್ತಿರಲಿಲ್ಲ.

ಅವಳ ಅಪ್ಪ ಫಕ್ಕೀರಪ್ಪ ಉಣಕಲ್ಲಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವನು. ಕೈ ಹಗುರ ಎಂದು ಹೆಸರಾಗಿದ್ದ. ಅವನು ಗಡ್ಡ ಹೆರೆಯುವಾಗ ಕುರ್ಚಿಯಲ್ಲೇ ಗೊರಕೆ ಹೊಡೆಯುವವರಿದ್ದರು. ನೀಲಾ ಹೈಸ್ಕೂಲಿನಲ್ಲಿದ್ದಾಗ ಅವನ ಬಲಗೈಯ ಬೆರಳಗೆಣ್ಣಿನ ಮೇಲೊಂದು ಬಿಳಿ ಕಲೆ ಎದ್ದಿತು. ಸುಣ್ಣ ತಾಗಿರಬೇಕು ಎಂದುಕೊಂಡು ತೊಳೆದ. ಹೋಗಲಿಲ್ಲ. ವರ್ಷ ತಿರುಗುವುದರೊಳಗೆ ಎರಡೂ ಕೈಗಳ ಮೇಲೆ ತೊನ್ನು ಹಬ್ಬಿತು. ಅಂಗೈ ಹಿಂಭಾಗ, ಬೆರಳು, ಉಗುರಿನ ಸುತ್ತ, ಎಲ್ಲ ಹಾಲು ಚೆಲ್ಲಿದ ಹಾಗೆ. ದೇಹದ ಬೇರೆ ಕಡೆ ಎಲ್ಲೂ ಇಲ್ಲ. ಜನ ನೋಡುವುದೇ ಕ್ಷೌರಿಕನ ಕೈಯನ್ನು, ಕಲೆ ಬಂದದ್ದೂ ಅಲ್ಲೇ.

ಯಾರೂ ಅವನಿಗೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವಸರದಲ್ಲಿದ್ದೇನೆ, ನಾಳೆ ಬರುತ್ತೇನೆ ಎಂದರು. ಮಗನೇ ಮನೆಯಲ್ಲಿ ಮಷೀನು ಹಿಡಿಯುತ್ತಾನೆ ಎಂದರು. ಅಂಟುವ ರೋಗವಲ್ಲ ಎಂದು ಡಾಕ್ಟರು ಬರೆದುಕೊಟ್ಟದ್ದನ್ನು ಅವನು ಕನ್ನಡಿಯ ಪಕ್ಕ ಅಂಟಿಸಿದ. ಅದನ್ನು ಓದಿದವರು ಇನ್ನೂ ಬೇಗ ಎದ್ದುಹೋದರು. ಕೈಗವಸು ಹಾಕಿದ, ಆಗ ದಾರಿಯಲ್ಲಿ ಹೋಗುವವರೂ ಇಣುಕಿ ನೋಡತೊಡಗಿದರು. ಒಂದು ಮುಂಜಾನೆ ಅಂಗಡಿಯ ಕಸ ಹೊಡೆದು, ಕನ್ನಡಿ ಒರೆಸಿ, ಶಟರು ಎಳೆದು ಮನೆಗೆ ಬಂದ. ಅಂದಿನಿಂದ ಬೇರೆಯವರ ಅಂಗಡಿಗಳ ಕತ್ತರಿ, ಕತ್ತಿಗಳನ್ನು ಸಾಣೆ ಹಿಡಿದುಕೊಡುತ್ತಿದ್ದ. ಮದುವೆಗಳಿಗೆ ಹೋಗುವುದನ್ನು ಬಿಟ್ಟ. ಅವನ ಹೆಂಡತಿ ಚನ್ನವ್ವ ಒಬ್ಬಳೇ ಹೋಗಿ ಅಕ್ಷತೆ ಹಾಕಿ, ಅವರಿಗೆ ಮೈ ಹುಷಾರಿಲ್ಲ ಎಂದು ಹೇಳಿ ಬರುತ್ತಿದ್ದಳು.

ಬೆಟಗೇರಿಯಿಂದ ದೂರು ಬಂದದ್ದು ಬೇಸಿಗೆಯಲ್ಲಿ. ಶಾಹೀನ ಎಂಬುವವಳ ಪಾರ್ಲರಿನಲ್ಲಿ ಗೂಡಿಗೆ ಕೂತ ಕೆಲವರು ಬೆಳ್ಳಗಾಗುವ ಬದಲು ಕಪ್ಪಾಗಿದ್ದರು. ಗೋಡೆಯ ಮೇಲೆ ಆ ಗೂಡಿನ ಚುಕ್ಕಿ ಹಸಿರಾಗಿಯೇ ಇತ್ತು. ಎಲ್ಲ ಸರಿಯಿದ್ದು ಹೀಗೇಕಾಯಿತು ಎಂಬುದು ತಿಳಿಯದೆ ನೀಲಾ ಮುಂಜಾನೆಯ ರೈಲಿಗೆ ಗದಗಿಗೆ ಹೋಗಿ ಅಲ್ಲಿಂದ ಬೆಟಗೇರಿಗೆ ನಡೆದಳು.

ಶಾಹೀನ ನಲವತ್ತರ ಆಚೀಚಿನ ಗಟ್ಟಿ ಹೆಂಗಸು. ಗಿರಾಕಿಗಳು ಕೈಬಿಟ್ಟು ಹೋಗುತ್ತಾರೆಂಬ ಚಿಂತೆ ಒಂದು ಕಡೆ, ಕಂಪನಿಯವರು ತನ್ನದೇ ತಪ್ಪೆಂದು ಗೂಡಿಗೆ ಬೀಗ ಹಾಕಿಯಾರೆಂಬ ಭಯ ಇನ್ನೊಂದು ಕಡೆ. ಆದರೂ ಏನನ್ನೂ ಮುಚ್ಚಿಡಲಿಲ್ಲ. ಕರೆಂಟು ಏರಿಳಿದು ಒಳಗಿನ ಒಂದು ಬಿಡಿಭಾಗ ಸುಟ್ಟಿತ್ತು, ಕಂಪನಿಯ ಮೆಕ್ಯಾನಿಕ್ಕೇ ಬಂದು ಹೊಸದು ಕೂರಿಸಿ ಹೋಗಿದ್ದ, ಅಂದಿನಿಂದ ಹೀಗಾಗಿದೆ ಎಂದಳು. ಕಪ್ಪಾದವರಲ್ಲಿ ಒಬ್ಬಳಾದ ಪ್ರೈಮರಿ ಶಾಲೆಯ ಶಿಕ್ಷಕಿಯನ್ನು ಕರೆಸಿದಳು. ಶಿಕ್ಷಕಿ ಸಿಟ್ಟಿನಲ್ಲಿಯೇ ಸೀರೆಯ ಸೆರಗು ಸರಿಸಿ ಮುಂಗೈ ಚಾಚಿದಳು.

ನೀಲಾ ಭೂತಗನ್ನಡಿ ಹಿಡಿದು ನೋಡಿದಳು. ಚರ್ಮ ಒಂದೇ ಸಮ ಕಪ್ಪಾಗಿರಲಿಲ್ಲ. ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ಒಂದೊಂದು ಚುಕ್ಕೆಯ ನಡುವಿನಿಂದಲೂ ಒಂದು ಸಣ್ಣ ರೋಮ ಎದ್ದಿತ್ತು. ಬಣ್ಣ ಎದ್ದು ಬಂದದ್ದು ಕೂದಲ ಬುಡದಿಂದ.

ಅವಳು ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. ತೊನ್ನಿನ ಬಗ್ಗೆ ಅವಳು ಓದದ ಪುಸ್ತಕ ಕಡಿಮೆ. ಮೇಲಿನ ಚರ್ಮದಲ್ಲಿ ಬಣ್ಣದ ಕೋಶಗಳು ಸತ್ತಿದ್ದರೂ ಕೂದಲ ಬುಡದ ಆಳದಲ್ಲಿ ಅವುಗಳ ಬೀಜ ಉಳಿದಿರುತ್ತದೆ, ನೆಲದಡಿಯ ಹಗೇವಿನಲ್ಲಿಟ್ಟ ಜೋಳದ ಹಾಗೆ. ಅದನ್ನು ಎಬ್ಬಿಸುವುದು ಹೇಗೆಂಬುದೇ ಕಷ್ಟ. ಹೊಸ ಬಿಡಿಭಾಗ ದೀಪಗಳ ಲಯವನ್ನು ಯಂತ್ರಕ್ಕೇ ಗೊತ್ತಾಗದಷ್ಟು ಸ್ವಲ್ಪ ಆಚೆ ಸರಿಸಿತ್ತು. ಜೋಗುಳವಾಗಬೇಕಾದದ್ದು ಕೂಗಿ ಎಬ್ಬಿಸುವ ಕರೆಯಾಗಿತ್ತು. ನೀಲಾ ಶಿಕ್ಷಕಿಯ ಕ್ಷಮೆ ಕೇಳಿ, ಕೆಲವು ತಿಂಗಳಲ್ಲಿ ಮೊದಲಿನ ಬಣ್ಣಕ್ಕೇ ಬರುತ್ತದೆಂದು ಹೇಳಿದಳು. ಶಾಹೀನಳಿಗೆ ಹೊಸ ಗೂಡು ಕೊಡಿಸಿ, ಹಳೆಯದನ್ನು ಲಾರಿಯಲ್ಲಿ ಹೇರಿಸಿಕೊಂಡು ಹುಬ್ಬಳ್ಳಿಗೆ ತಂದಳು.

ಕಂಪನಿಯಲ್ಲಿ ಗಿರಾಕಿಗಳ ಸುರಕ್ಷೆ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ವಿಮಲಾ ಕಾಮತ. ಮೂವತ್ತು ವರ್ಷ ಚರ್ಮರೋಗ ನೋಡಿದವರು, ಕಡಿಮೆ ಮಾತಿನವರು. ನೀಲಾ ತೋರಿಸಿದ ಚಿತ್ರಗಳನ್ನು ಬಹಳ ಹೊತ್ತು ನೋಡಿದರು.

"ನೋಡ್ರಿ ನೀಲಾ," ಎಂದರು, "ಬೆಳ್ಳಗಾಗ್ಲಿಕ್ಕೆ ಬಂದ ಗಿರಾಕಿ ಕಪ್ಪಾಗಿ ಹೋಗ್ಯಾರ. ಕಂಪನಿ ಲೆಕ್ಕದಾಗ ಇದು ದೋಷ. ದೀಪಾವಳಿ ಆದ್ಮ್ಯಾಲ ಎಲ್ಲಾ ಗೂಡಿಗೂ ಹೊಸ ಸಾಫ್ಟ್‌ವೇರ್ ಬರ್ತದ. ಆಮ್ಯಾಲ ಲಯ ಕೂದಲೆಳಿಯಷ್ಟೂ ಸರಿಯೂದಿಲ್ಲ."

ನೀಲಾ ಅಪ್ಪನ ವಿಷಯ ಹೇಳಿದಳು. ಆಫೀಸಿನಲ್ಲಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಕಾಮತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಗಳು ಅಪ್ಪನ ಮೇಲೆ ಪ್ರಯೋಗ ಮಾಡುವುದು ಸರಿಯಲ್ಲ, ಮಾಡುವುದಾದರೆ ತಾನು ಮಾಡುತ್ತೇನೆ, ತಾನು ಮೊದಲಿದ್ದ ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ ಬೇಕು, ರಕ್ತ ಪರೀಕ್ಷೆಯಾಗಬೇಕು, ನೀಲಾ ದೀಪ ನೋಡಿಕೊಳ್ಳಬಹುದೇ ಹೊರತು ಪ್ರಮಾಣ ತೀರ್ಮಾನಿಸುವಂತಿಲ್ಲ ಎಂದರು. ಎಲ್ಲಕ್ಕಿಂತ ಮೊದಲು ಅವಳ ಅಪ್ಪ ತಾನಾಗಿ ಹೂಂ ಎನ್ನಬೇಕು.

ಅವನು ಉಹೂಂ ಎಂದ.

ಹಿತ್ತಲ ಕಟ್ಟೆಯ ಮೇಲೆ ಕೂತು ಸಾಣೆಕಲ್ಲಿಗೆ ನೀರು ಚಿಮುಕಿಸುತ್ತಿದ್ದ ಫಕ್ಕೀರಪ್ಪ ಮಗಳ ಮಾತನ್ನೆಲ್ಲ ಕೇಳಿಸಿಕೊಂಡು ತಲೆ ಎತ್ತದೆ ಹೇಳಿದ. "ಎಣ್ಣಿ ಹಚ್ಚಿದೆ, ಕಷಾಯ ಕುಡದೆ, ಯಾರ್ಯಾರೋ ಹೇಳಿದ್ದು ಬಿಟ್ಟೆ, ಯಾರ್ಯಾರೋ ಹೇಳಿದ್ದು ತಿಂದೆ. ಆಸೆ ಅನ್ನೂದು ಒಮ್ಮಿ ಇಳಿಸಿದ ಮ್ಯಾಲ ಹೆಗಲು ಹಗುರ ಆಗ್ತೈತಿ ನೀಲವ್ವ. ಮತ್ತ ಹೊರಿಸಬ್ಯಾಡ."

ನೀಲಾ ಒತ್ತಾಯ ಮಾಡಲಿಲ್ಲ. ಶಿಕ್ಷಕಿಯ ಮುಂಗೈಯ ಚಿತ್ರವನ್ನು, ಹೆಸರು ಮುಖ ಏನೂ ಇಲ್ಲದ್ದನ್ನು, ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಅದಾದ ಮೇಲೆ ಅವನು ಕತ್ತರಿಯ ಅಲಗನ್ನು ಪರೀಕ್ಷಿಸುವ ಭೂತಗನ್ನಡಿಯಲ್ಲಿ ಆ ಚಿತ್ರವನ್ನೇ ಮತ್ತೆ ಮತ್ತೆ ನೋಡುತ್ತಾನೆಂದು ಚನ್ನವ್ವ ಮಗಳ ಕಿವಿಯಲ್ಲಿ ಹೇಳಿದಳು. ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಅವನೇ ಮಾತು ತೆಗೆದ.

"ಛಲೋ ಆಗ್ತೈತಿ ಅಂತ ಹೇಳಬ್ಯಾಡ. ಏನೇನ ಆಗ್ತೈತಿ, ಅದನ್ನ ಹೇಳು. ಕತ್ತಿ ಹಚ್ಚೂಕಿಂತ ಮೊದಲ ನಾ ಗಿರಾಕಿಗೆ ಹೇಳ್ತಿದ್ದೆ, ಈಗ ತಣ್ಣೀರು, ಆಮ್ಯಾಲ ಪಟಿಕ ಹಚ್ಚತೀನಿ, ಉರೀತೈತಿ ಅಂತ. ಗೊತ್ತಿದ್ದ ಉರಿಗೆ ಮನಷ್ಯಾ ಅಂಜೂದಿಲ್ಲ."

ನೀಲಾ ಹೇಳಿದಳು. ಮೊದಲು ಕೈ ಮೆಣಸಿನಕಾಯಿ ಮುಟ್ಟಿದ ಹಾಗೆ ಕೆಂಪಾಗುತ್ತದೆ, ತುರಿಸುತ್ತದೆ. ತುರಿಸಿಕೊಳ್ಳಬಾರದು. ಬಿಸಿಲಿಗೆ ಬಟ್ಟೆ ಸುತ್ತಬೇಕು. ವಾರಗಟ್ಟಲೆ ಏನೂ ಕಾಣದೆ ಬೇಸರ ಬರುತ್ತದೆ. ಬಂದರೆ ಮೊದಲು ಚುಕ್ಕೆ ಬರುತ್ತವೆ, ಅವು ಉಳಿದ ಮೈಬಣ್ಣಕ್ಕಿಂತ ಕಪ್ಪಾಗಿರುತ್ತವೆ, ಆಗ ಕೈ ಈಗಿನದಕ್ಕಿಂತ ವಿಕಾರವಾಗಿ ಕಾಣುತ್ತದೆ. ಚುಕ್ಕೆಗಳು ಕೂಡಿಕೊಂಡರೆ ಬಣ್ಣವಾಗುತ್ತದೆ. ಕೂಡಿಕೊಳ್ಳದೆಯೂ ಇರಬಹುದು. ಬಂದ ಬಣ್ಣ ಹಿಂದಕ್ಕೆ ಹೋಗಲೂಬಹುದು. ಬೆರಳ ತುದಿಗಳಲ್ಲಿ ಕೂದಲಿಲ್ಲ, ಅಲ್ಲಿ ಬೀಜವೇ ಇಲ್ಲ. ಅಲ್ಲಿಗೆ ಬಣ್ಣ ಬರುವುದು ಕಷ್ಟ.

ಫಕ್ಕೀರಪ್ಪ ರೊಟ್ಟಿ ಮುಗಿಸಿ, ಇದರಿಂದ ಬೇರೆ ಯಾರಿಗಾದರೂ ಕೇಡಿದೆಯೇ ಎಂದು ಕೇಳಿದ. ಇಲ್ಲವೆಂದಳು.

"ಹಂಗಾರ ಎಡಗೈ ಒಯ್ಯಿ. ಬಲಗೈ ಮ್ಯಾಲ ನನ್ನ ಸಾಣಿ ನಡೀತೈತಿ."

ಸಮಿತಿಯ ಒಪ್ಪಿಗೆ, ರಕ್ತ ಪರೀಕ್ಷೆ ಎಲ್ಲ ಆದ ಮೇಲೆ ಗೋಕುಲ ರಸ್ತೆಯ ಪರೀಕ್ಷಾ ಕೋಣೆಯಲ್ಲಿ ಶಾಹೀನಳ ಹಳೆಯ ಗೂಡಿನ ಒಂದು ಮಗ್ಗುಲನ್ನು ಬಿಚ್ಚಿ, ಕೈ ಇಡುವಂತೆ ಮರದ ಒತ್ತು ಮಾಡಿದರು. ಡಾಕ್ಟರ್ ಕಾಮತ ಪ್ರಮಾಣ ಹೇಳಿದರು, ನೀಲಾ ಲಯ ಕೂರಿಸಿದಳು. ಫಕ್ಕೀರಪ್ಪ ಕಪ್ಪು ಕನ್ನಡಕ ಹಾಕಿ ಕೂತ. ಮೊದಮೊದಲು ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರೋ ಫೋಟೋ ತೆಗೆಯುತ್ತಿದ್ದಾರೇನೋ ಎಂಬಂತೆ ಕೂರುತ್ತಿದ್ದ. ಬರಬರುತ್ತ ಅಲ್ಲೇ ತೂಕಡಿಸತೊಡಗಿದ. ಅವನ ಕುರ್ಚಿಯಲ್ಲಿ ಗೊರಕೆ ಹೊಡೆದವರ ಋಣ ತೀರಿಸುತ್ತಿದ್ದಾನೆಂದು ಚನ್ನವ್ವ ನಕ್ಕಳು.

ಮಗಳು ಹೇಳಿದ್ದೆಲ್ಲ ಹಾಗೆಯೇ ಬಂತು, ಹೇಳಿದ ಸರದಿಯಲ್ಲೇ ಬಂತು. ಕೈ ಕೆಂಪಾಯಿತು, ತುರಿಸಿತು. ವಾರಗಟ್ಟಲೆ ಏನೂ ಆಗಲಿಲ್ಲ. ಎಡಗೈಗೆ ಅರಿವೆ ಸುತ್ತಿಕೊಂಡು ಬಸ್ಸು ಹತ್ತುವಾಗ ಕೈ ಮುರಿದಿದೆಯೇ ಎಂದು ಜನ ಕೇಳುತ್ತಿದ್ದರು. ಅವನು ಇಲ್ಲ, ತೊನ್ನಿಗೆ ಬೆಳಕು ಹಿಡಿಸುತ್ತಿದ್ದೇನೆ ಎನ್ನುತ್ತಿದ್ದ. ಅಷ್ಟು ವರ್ಷ ಆ ಶಬ್ದ ಅವನ ಬಾಯಲ್ಲಿ ಬಂದಿರಲಿಲ್ಲ. ಬಸ್ಸಿನಲ್ಲಿ ಹೇಳುವುದು ಮನೆಯಲ್ಲಿ ಹೇಳುವುದಕ್ಕಿಂತ ಸುಲಭವೆಂದು ಅವನಿಗೇ ಆಶ್ಚರ್ಯವಾಯಿತು.

ನಾಗರ ಪಂಚಮಿಯ ಹೊತ್ತಿಗೆ ಮಣಿಕಟ್ಟಿನ ಹತ್ತಿರ ಮೊದಲ ಚುಕ್ಕೆ ಕಾಣಿಸಿತು. ಅದನ್ನು ಕಂಡವಳು ಚನ್ನವ್ವ. ಮಸಿ ತಾಗಿದೆಯೆಂದು ಉಜ್ಜಿದಳು, ಹೋಗಲಿಲ್ಲ. ಬಿಳಿ ಬಂದ ದಿನ ಗಂಡ ಹೀಗೆಯೇ ಉಜ್ಜಿದ್ದು ನೆನಪಾಗಿ ಅವಳು ಗೋಡೆಗೆ ಆತು ಕೂತುಬಿಟ್ಟಳು. ಆಮೇಲೆ ಚುಕ್ಕೆಗಳು ಅಂಗೈ ಹಿಂಭಾಗದ ತುಂಬ ಎದ್ದವು, ಹಿಗ್ಗಿದವು, ಒಂದನ್ನೊಂದು ಮುಟ್ಟಿದವು. ಕೈ ಕಾಡುಬೆಕ್ಕಿನ ಚರ್ಮದ ಹಾಗೆ ಕಾಣುತ್ತಿತ್ತು. ಅದನ್ನು ನೋಡಲು ಶಾಹೀನ ಬೆಟಗೇರಿಯಿಂದ ಬಂದಳು.

"ನಮ್ಮ ಪಾರ್ಲರಿಗೆ ಹುಬ್ಬು ತೀಡಿಸ್ಕೊಳ್ಳಾಕಷ್ಟ ಬರೋರು ಅದಾರ್ರಿ," ಎಂದಳು ಶಾಹೀನ, ಫಕ್ಕೀರಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹೊರಳಿಸುತ್ತ. "ಅಂಗಿ ತೋಳು ಮಡಚೂದಿಲ್ಲ, ಕುತ್ತಿಗಿ ತೋರ್ಸೂದಿಲ್ಲ. ನನಗ ಗೊತ್ತೈತಿ ಯಾಕಂತ. ಇದನ್ನ ಯಾವಾಗ ಕೊಡ್ತೀರಿ ನಮಗ?"

ಹೊರಗಿನವರೊಬ್ಬರು ತನ್ನ ಕೈಯನ್ನು ಹಾಗೆ ಹಿಡಿದು ಬಹಳ ಕಾಲವಾಗಿತ್ತು. ಫಕ್ಕೀರಪ್ಪ ಅವಳಿಗೆ ಚಹಾ ಆಗುವವರೆಗೆ ಕೂರಬೇಕೆಂದು ಒತ್ತಾಯ ಮಾಡಿದ.

ಆದರೆ ಬಣ್ಣ ಗೆಣ್ಣುಗಳ ಹತ್ತಿರ ಬಂದು ನಿಂತಿತು. ಅಲ್ಲಿಂದಾಚೆ ಬೆರಳುಗಳು ಮೊದಲಿನ ಹಾಗೆಯೇ ಬೆಳ್ಳಗೆ. ಕತ್ತರಿ ಹಿಡಿಯುವುದು ಬೆರಳು, ಕೆನ್ನೆ ಮುಟ್ಟುವುದು ಬೆರಳು. ಅಂಗೈ ಹಿಂಭಾಗ ಮಾತ್ರ ಕಂದಾದರೆ ಕ್ಷೌರಿಕನಿಗೇನು ಬಂತು? ಅಪ್ಪ ಹೊತ್ತಿಗೆ ಸರಿಯಾಗಿ ಬಂದು ಕೈ ಚಾಚುತ್ತಲೇ ಇದ್ದ. ಅದೇ ನೀಲಾಳಿಗೆ ತಡೆಯದಾಯಿತು. ಒಂದು ದಿನ ಡಾಕ್ಟರು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ದೀಪ ಉರಿಸಿದಳು. ಮರುದಿನ ಅಪ್ಪನ ನಡುಬೆರಳಿನ ಮೇಲೆ ದ್ರಾಕ್ಷಿಯಷ್ಟು ಗುಳ್ಳೆ ಎದ್ದಿತ್ತು.

ಡಾಕ್ಟರ್ ಕಾಮತ ಬೈಯಲಿಲ್ಲ. ಗೂಡಿನ ವೈರು ಕಿತ್ತು, ಬೆರಳಿಗೆ ಮುಲಾಮು ಹಚ್ಚಿ, ಇದು ಪೂರ್ತಿ ಮಾಯುವವರೆಗೆ ಬೆಳಕಿಲ್ಲ ಎಂದರು. ಬಾಗಿಲ ಹತ್ತಿರ ನಿಂತು ನೀಲಾಳಿಗಷ್ಟೇ ಕೇಳಿಸುವಂತೆ, "ನಾ ನಿಮಗ ಮೊದಲ ಹೇಳಿದ್ದೆ, ಪ್ರಮಾಣ ನನಗ ಬಿಡ್ರಿ ಅಂತ. ಮಗಳ ಕೈ ಅವಸರ ಮಾಡ್ತದ," ಎಂದರು. ನೀಲಾ ಮನೆಗೆ ಬಂದು ಅಪ್ಪನಿಗೂ ಹೇಳಿದಳು, ಇದು ತನ್ನಿಂದಾದದ್ದೆಂದು. ತಾನು ಗಿರಾಕಿಗಳ ಕೆನ್ನೆ ಕೊಯ್ದದ್ದೂ ಉಂಟು, ಹೆಚ್ಚಾಗಿ ಸಂತೆಯ ದಿನ, ಹೊರಗೆ ಜನ ಕಾಯುತ್ತಿದ್ದಾಗ ಎಂದು ಅವನು ಸಮಾಧಾನ ಮಾಡಿದ.

ಬೆಳಕಿಲ್ಲದ ಆ ದಿನಗಳಲ್ಲಿ ಅವಳಿಗೆ ಹಳೆಯ ಚಿತ್ರಗಳನ್ನು ನೋಡುವುದೊಂದೇ ಕೆಲಸ. ಶುರುವಿನಿಂದ ತೆಗೆದ ಎಡಗೈಯ ಚಿತ್ರಗಳನ್ನು ನಿಗಾ ಕೋಣೆಯ ದೊಡ್ಡ ಪರದೆಯ ಮೇಲೆ ಒಂದರ ಹಿಂದೊಂದು ಓಡಿಸಿದಳು. ಚುಕ್ಕೆಗಳು ಗುಂಡಗಿರಬೇಕಿತ್ತು. ಇರಲಿಲ್ಲ. ಒಂದೊಂದಕ್ಕೂ ಸಣ್ಣ ಬಾಲ, ಎಲ್ಲ ಬಾಲಗಳೂ ಮೊಣಕೈ ಕಡೆಗೆ. ಬಣ್ಣ ಬೆರಳ ಕಡೆ ಹೋಗುವುದು ಬಿಟ್ಟು ಹಿಂದಕ್ಕೆ ಹರಿದಂತಿತ್ತು.

ಅಪ್ಪ ತೂಕಡಿಸುತ್ತಿದ್ದ. ತೂಕಡಿಸಿದಂತೆ ಅವನ ಕೈ ಮರದ ಒತ್ತಿನ ಮೇಲೆ ನಿಧಾನವಾಗಿ ಮುಂದಕ್ಕೆ ಜಾರುತ್ತಿತ್ತು. ಕೈ ಮುಂದೆ ಜಾರಿದರೆ ಬೆಳಕಿನ ಪಟ್ಟಿ ಕೈಯ ಮೇಲೆ ಹಿಂದಕ್ಕೆ ಸರಿದಂತೆ. ಎಚ್ಚರಗೊಂಡ ಕೋಶಗಳು ಆ ಬೆಳಕಿನ ಬೆನ್ನು ಹತ್ತಿದ್ದವು.

ಕೋಶಗಳು ಬರೀ ಏಳುವುದಿಲ್ಲ, ನಡೆಯುತ್ತವೆ. ಬೆಳಕು ಕರೆದ ಕಡೆಗೆ ನಡೆಯುತ್ತವೆ. ಬೆಳಕು ಹಾರಿ ಮುಂದೆ ಹೋದರೆ ದಾರಿ ತಪ್ಪಿ ನಿಂತುಬಿಡುತ್ತವೆ. ಮುಂದೆ ಹಸಿರು ಮೇವು ಹಿಡಿದು ಮೆಲ್ಲಗೆ ನಡೆದರೆ ಆಕಳು ಹಿಂದೆ ಬರುವುದಿಲ್ಲವೇ, ಹಾಗೆ ಬೆಳಕನ್ನು ಮೆಲ್ಲಗೆ ಸರಿಸಿದರೆ ಕೋಶಗಳು ಹಿಂದೆ ಬರುತ್ತವೆ. ಬೀಜವಿಲ್ಲದ ಬೆರಳಿಗೂ ಮಣಿಕಟ್ಟಿನ ಬೀಜವನ್ನು ನಡೆಸಿಕೊಂಡು ಹೋಗಬಹುದು. ನೀಲಾ ಎದ್ದು ಡಾಕ್ಟರ್ ಕಾಮತರ ಕೋಣೆಗೆ ಓಡಿದಳು. ಈ ಸಲ ಪ್ರಮಾಣ ಹೆಚ್ಚು ಮಾಡಿರೆಂದು ಕೇಳಲಿಲ್ಲ. ಕಡಿಮೆ ಮಾಡಿ ಎಂದಳು. ಮಂದ ಬೆಳಕು ಸಾಕು, ಆದರೆ ಅದು ಇರುವೆಗಿಂತ ನಿಧಾನವಾಗಿ ಮಣಿಕಟ್ಟಿನಿಂದ ಉಗುರಿನ ಕಡೆಗೆ ಹೋಗಬೇಕು.

ಗುಳ್ಳೆ ಮಾಯಿತು. ಮತ್ತೆ ಶುರು ಮಾಡಿದರು. ಈಗ ಕೈ ಜಾರದಂತೆ ಮೆತ್ತನೆಯ ಪಟ್ಟಿ ಕಟ್ಟುತ್ತಿದ್ದರು. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಕೂತಾಗ ತೋರುಬೆರಳಿನ ಗೆಣ್ಣು ದಾಟಿ ಒಂದು ಕಂದು ಎಳೆ ಮುಂದೆ ಬಂದಿತ್ತು. ಬೇಸಿಗೆಯ ಮೊದಲ ಗಾಳಿ ಬೀಸುವ ಹೊತ್ತಿಗೆಲ್ಲ ಅದು ಬೆರಳ ತುದಿ ಮುಟ್ಟಬಹುದೆಂದು ಡಾಕ್ಟರ್ ಕಾಮತರೂ ಒಪ್ಪಿದರು.

ಆದರೆ ಹೊಸ ಸಾಫ್ಟ್‌ವೇರಿನ ದಿನ ಬಂತು. ಎಬ್ಬಿಸುವ ಲಯವನ್ನೂ ಉಳಿಸಿಕೊಳ್ಳಿ ಎಂದು ಡಾಕ್ಟರ್ ಕಾಮತ ಕಂಪನಿಯ ಬೆಂಗಳೂರಿನ ದೊಡ್ಡವರನ್ನು ಕೇಳಿದ್ದರು. ತೊನ್ನಿನವರು ನೂರಕ್ಕೆ ಒಬ್ಬರೋ ಇಬ್ಬರೋ, ಬೆಳ್ಳಗಾಗಬೇಕೆನ್ನುವವರು ಉಳಿದವರೆಲ್ಲ ಎಂಬುದು ಅವರ ಉತ್ತರ. ಎಬ್ಬಿಸುವ ಲಯ ಯಂತ್ರದೊಳಗೆ ಇರುವುದೇ ಅಪಾಯ, ಇನ್ನೊಂದು ಪಾರ್ಲರಿನಲ್ಲಿ ಇನ್ನೊಬ್ಬ ಮದುಮಗಳು ಕಪ್ಪಾದರೆ ಯಾರು ಹೊಣೆ ಎಂದು ಕೇಳಿದರು. ಪರೀಕ್ಷಾ ಕೋಣೆಯ ಹಳೆಯ ಗೂಡನ್ನೂ ಬಿಡುವಂತಿರಲಿಲ್ಲ. ನೀಲಾ ಶಾಹೀನಳಿಗೆ ಫೋನು ಮಾಡಿ, ನೀವು ಕೇಳಿದ್ದು ಇನ್ನು ಸಿಗಲಾರದೆಂದು ತಿಳಿಸಿದಳು. ಶಾಹೀನ ಕೇಳಿಕೊಂಡು, ಗೂಡಿನ ಯಜಮಾನರಾದ ಪಾರ್ಲರಿನವರು ಒಪ್ಪಿಗೆಯ ಗುಂಡಿ ಒತ್ತದಿದ್ದರೆ ಹೊಸದು ಒಳಗೆ ಇಳಿಯುವುದೋ ಇಲ್ಲವೋ ಎಂದು ಮಾತ್ರ ವಿಚಾರಿಸಿದಳು. ಇಳಿಯುವುದಿಲ್ಲ ಎಂದಳು ನೀಲಾ. ಆಯಿತು ಎಂದು ಶಾಹೀನ ಫೋನು ಇಟ್ಟಳು.

ಆ ದಿನ ನಿಗಾ ಕೋಣೆಯಲ್ಲಿ ಎಲ್ಲರೂ ಗೋಡೆ ನೋಡುತ್ತ ನಿಂತಿದ್ದರು. ಹೊಸದಕ್ಕೆ ಕಾಯುತ್ತಿರುವ ಗೂಡು ಹಳದಿ, ಪಡೆದದ್ದು ಹಸಿರು. ಬೆಳಗಾವಿ ಹಸಿರಾಯಿತು. ಧಾರವಾಡ ಹಸಿರಾಯಿತು. ಬಳ್ಳಾರಿ, ಹೊಸಪೇಟೆ ಹಸಿರಾದವು. ಗದಗಿನ ಸುತ್ತ ಹಳದಿ ಉಳಿಯಿತು. ಊಟದ ಹೊತ್ತು ಕಳೆದರೂ ಹಳದಿಯೇ. ಲಕ್ಷ್ಮೇಶ್ವರ, ರೋಣ, ಮುಂಡರಗಿ, ಆಚೆ ಕೊಪ್ಪಳದವರೆಗೆ. ಹಸಿರಾಗಿದ್ದ ಹುಬ್ಬಳ್ಳಿಯ ಒಂದೆರಡು ಪಾರ್ಲರುಗಳೂ ಯಾರೋ ಹೇಳಿದ್ದನ್ನು ಕೇಳಿ ಹಳೆಯದಕ್ಕೇ ತಿರುಗಿ ಹಳದಿಯಾದವು. ಶಾಹೀನ ಆ ವಾರವೆಲ್ಲ ಫೋನಿನಲ್ಲೇ ಇದ್ದಳೆಂದು ಆಮೇಲೆ ತಿಳಿಯಿತು. ಪ್ರತಿ ಪಾರ್ಲರಿನವಳಿಗೂ ಹುಬ್ಬಿಗಷ್ಟೇ ಬರುವ, ತೋಳು ಮಡಚದ ಒಬ್ಬ ಗಿರಾಕಿಯ ನೆನಪಿತ್ತು.

ನೀಲಾ ಆ ಗೋಡೆಯನ್ನು ನೋಡುತ್ತ ಕೂತಲ್ಲೇ ಕೂತಳು. ಬಯಲಿನ ನಡುವೆ ಬಣ್ಣ ಎದ್ದು ಹಬ್ಬುವುದನ್ನು ಅವಳು ಅಪ್ಪನ ಕೈಯ ಮೇಲೆ ಎಷ್ಟು ದಿನದಿಂದ ನೋಡುತ್ತಿದ್ದಳು.

ಡಾಕ್ಟರ್ ಕಾಮತ ಹಿಂದೆ ಬಂದು ನಿಂತರು. ಕೈಯಲ್ಲಿ ಫೋನಿತ್ತು, ಆ ಕಡೆ ಬೆಂಗಳೂರು.

"ನಾ ಏನೂ ಮಾಡ್ಸಿಲ್ರಿ," ಎಂದು ಅವರು ತಣ್ಣಗೆ ಹೇಳುತ್ತಿದ್ದರು. "ಗೂಡು ಅವರದು, ಬ್ಯಾಡ ಅಂತಾರ. ನೀವು ಎರಡೂ ಲಯ ಇಡ್ರಿ. ಎಬ್ಬಿಸೂದಕ್ಕ ಬ್ಯಾರೆ ಬೀಗ ಹಾಕ್ರಿ, ಚರ್ಮದ ಡಾಕ್ಟರ್ ಹೇಳಿದ್ರಷ್ಟ ತೆರೀಲಿ. ಹೊಣೆ ಬರೀಲಿಕ್ಕೆ ನನ್ನ ಹೆಸರು ಬರ್ಕೊಳ್ರಿ."

ಬೆಂಗಳೂರಿನವರು ಕೂಡಲೇ ಒಪ್ಪಲಿಲ್ಲ. ಆದರೆ ಹಳದಿ ದಿನದಿಂದ ದಿನಕ್ಕೆ ಬೆಳೆಯಿತು, ಕಲಬುರಗಿ ಕಡೆಗೂ ದಾಟಿತು. ಕೊನೆಗೆ ಬಂದ ಸಾಫ್ಟ್‌ವೇರಿನಲ್ಲಿ ಎರಡು ಲಯಗಳಿದ್ದವು. ಕರುಣೆ ಹುಟ್ಟಿ ಮಾಡಿದ್ದಲ್ಲವೆಂದು ಡಾಕ್ಟರ್ ಕಾಮತರಿಗೆ ಗೊತ್ತಿತ್ತು. ಇರಲಿ, ಆಯಿತಲ್ಲ ಎಂದರು.

ಶಾಹೀನಳ ಪಾರ್ಲರಿಗೆ ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ ಬುರ್ಖಾದೊಳಗೊಬ್ಬಳು, ತುಂಬುತೋಳಿನ ರವಿಕೆಯವಳೊಬ್ಬಳು, ಟೋಪಿ ಹಣೆಗೆ ಎಳೆದುಕೊಂಡ ಬಸ್ ಕಂಡಕ್ಟರೊಬ್ಬ. ಅವರಿಗೆ ಏನೇನಾಗುತ್ತದೆಂದು ಹೇಳಲು ಡಾಕ್ಟರಿಗಿಂತ ಬೇರೆಯವರು ಬೇಕಾದಾಗ ಫಕ್ಕೀರಪ್ಪ ರೈಲು ಹತ್ತಿ ಹೋಗುತ್ತಿದ್ದ. ಕೆಂಪು, ತುರಿಕೆ, ಬೇಸರ, ಚುಕ್ಕೆ ಎಂದು ಒಂದನ್ನೂ ಬಿಡದೆ ಹೇಳಿ, ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿ ಇಡುತ್ತಿದ್ದ. ಎಡಗೈ ಕಂದು, ಬಲಗೈ ಬಿಳಿ. ಎಲ್ಲರಿಗೂ ಬಣ್ಣ ಬರಲಿಲ್ಲ. ಕಂಡಕ್ಟರನ ಹಣೆಗೆ ಬಂತು, ತುಟಿಗೆ ಬರಲಿಲ್ಲ. ತುಂಬುತೋಳಿನವಳು ನಡುವೆ ಬಿಟ್ಟುಬಿಟ್ಟಳು. ಬೆಳಕಿಗೆ ಕೂತು ಕೂತು ಅಂಜಿಕೆ ಹೋಯಿತು, ಇನ್ನು ಬಣ್ಣ ಬಂದರೂ ಸೈ, ಬಾರದಿದ್ದರೂ ಸೈ ಎಂದಳಂತೆ. ಗದಗಿನ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅರ್ಧ ಬಿಳಿ ಅರ್ಧ ಕಂದು ಕೈಗಳು ಮುಚ್ಚಿಕೊಳ್ಳದೆ ಓಡಾಡುವುದನ್ನು ಜನ ಮೊದಲು ತಿರುಗಿ ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು.

ಎಡಗೈ ಮುಗಿದದ್ದು ಯುಗಾದಿಯ ಆಸುಪಾಸಿನಲ್ಲಿ. ಹೆಬ್ಬೆರಳಿನ ಉಗುರಿನ ಪಕ್ಕ ಒಂದಿಷ್ಟು ಬಿಳಿ ಉಳಿಯಿತು. ಅದಕ್ಕೇನೂ ಮಾಡಬೇಡಿ ಎಂದು ಡಾಕ್ಟರ್ ಕಾಮತರೇ ನಿಲ್ಲಿಸಿದರು. ಮುಂದಿನ ಸೋಮವಾರದಿಂದ ಬಲಗೈ ಎಂದು ಗೊತ್ತುಮಾಡಿದರು.

ಸೋಮವಾರ ಪರೀಕ್ಷಾ ಕೋಣೆಯಲ್ಲಿ ದೀಪ ಕಾಯಿಸಿಕೊಂಡು ನೀಲಾ ಕಾದಳು. ಅಪ್ಪ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮುಂಜಾನೆಯೇ ಹೊರಟರಲ್ಲ ಎಂದಳು ಚನ್ನವ್ವ. ಹಾದಿಯಲ್ಲಿ ಏನಾದರೂ ಆಗಿರಬಹುದೇ ಎಂಬ ಗಾಬರಿಯಲ್ಲಿ ಸ್ಕೂಟರು ಹತ್ತಿ ಬಸ್ಸಿನ ದಾರಿಗುಂಟ ಉಣಕಲ್ಲಿನವರೆಗೆ ಬಂದಳು.

ಅಂಗಡಿಯ ಶಟರು ಮೇಲಿತ್ತು.

ಒಳಗೆ ಅಪ್ಪ ನಿಂತಿದ್ದ. ಕುರ್ಚಿಯಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ, ಕುತ್ತಿಗೆಯ ಸುತ್ತ ಬಿಳಿ ಬಟ್ಟೆ, ಮುಖದ ತುಂಬ ನೊರೆ. ಗೋಡೆಗುಂಟ ಬೆಂಚಿನ ಮೇಲೆ ಮತ್ತೆ ಮೂವರು ಪೇಪರು ಹರವಿಕೊಂಡು ಕೂತಿದ್ದರು. ಅಪ್ಪನ ಎಡಗೈ ಗಿರಾಕಿಯ ಕೆನ್ನೆಯನ್ನು ಮೇಲಕ್ಕೆ ಎಳೆದು ಹಿಡಿದಿತ್ತು. ಬಲಗೈ, ಇನ್ನೂ ಒಂದು ಚುಕ್ಕೆಯೂ ಇಲ್ಲದ ಆ ಪೂರ್ತಿ ಬಿಳಿ ಬಲಗೈ, ಕತ್ತಿ ಹಿಡಿದು ಗಂಟಲ ಮೇಲೆ ಹಗುರವಾಗಿ ಇಳಿಯುತ್ತಿತ್ತು. ಕತ್ತಿಯ ಕೆಳಗಿನ ಮನುಷ್ಯನಿಗೆ ನಿದ್ದೆ ಹತ್ತಿತ್ತು.

ನೀಲಾ ಹೊಸ್ತಿಲಲ್ಲೇ ನಿಂತಳು. ಡಾಕ್ಟರು ಕಾಯುತ್ತಿದ್ದಾರೆ ಎಂದಳು. ಫಕ್ಕೀರಪ್ಪ ಕನ್ನಡಿಯಲ್ಲೇ ಅವಳನ್ನು ನೋಡಿ, ಕತ್ತಿಯ ನೊರೆಯನ್ನು ಬಟ್ಟೆಗೆ ಒರೆಸಿ, ಗಿರಾಕಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹೇಳಿದ.

"ಬಲಗೈ ಮುಂದಿನ ವಾರ ನೋಡೂಣು ಅಂತ ಡಾಕ್ಟರಿಗೆ ಹೇಳ ನೀಲವ್ವ. ಇವತ್ತ ಗಿರಾಕಿ ಅದಾರ."